ಮೋಟಾರಿನ ನೀರು

ದ್ಯಾವಮ್ಮ ಹಂಡೆಗೆ ಕೊಡ ಬಗ್ಗಿಸುವಷ್ಟರಲ್ಲಿ ಅಂಜಿನಮ್ಮ ಹಾರಿಬಂದು ಅದರ ಕಂಠ ಹಿಡಿದುಕೊಂಡಳು. ಅರ್ಧ ನೀರು ಒಲೆಯ ಮೇಲೆ ಚೆಲ್ಲಿ, ಆಗತಾನೆ ಹತ್ತಿದ್ದ ಸೌದೆ ಚುಯ್ಯೆಂದು ಹೊಗೆಯಾಡಿತು.

“ಈ ನೀರು ಬ್ಯಾಡ ದ್ಯಾವಕ್ಕ. ಅವ್ರಿಗೆ ಬಾವಿ ನೀರು ಹುಯ್ಯಬ್ಯಾಡ. ಒಂದು ಗಳಿಗೆ ತಡ್ಕೋ, ಕೆರೆಯಿಂದ ನಾನೇ ತರ್ತೀನಿ.”

ಅಂಗಳದಲ್ಲಿ ಕೂತಿದ್ದವರು ತಿರುಗಿ ನೋಡಿದರು. ಕೂತವರೂ ಬಹಳ ಮಂದಿಯೇನಿರಲಿಲ್ಲ. ಅಂಜಿನಮ್ಮನ ಗಂಡ ಪಿಳ್ಳಪ್ಪ ಸತ್ತನೆಂದು ಬೆಳಗ್ಗೆಯೇ ಮನೆಮನೆಗೆ ಹೇಳಿಕಳಿಸಿದರೂ ಊರು ತನ್ನ ಪಾಡಿಗೆ ಹೊಲಕ್ಕೆ ಹೋಗಿತ್ತು. ಬಂದಿದ್ದವರು ಅಣ್ಣತಮ್ಮಂದಿರ ಕಡೆಯ ಏಳೆಂಟು ಜನ, ಪಕ್ಕದ ಮನೆಯ ದ್ಯಾವಮ್ಮ, ಚಟ್ಟ ಕಟ್ಟಲು ಬಿದಿರು ಸೀಳುತ್ತಿದ್ದ ಇಬ್ಬರು, ಅಷ್ಟೇ. ಪಿಳ್ಳಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಐವತ್ತೂ ತುಂಬದ ಮನುಷ್ಯ ಎಪ್ಪತ್ತರವನ ಹಾಗೆ ಕಾಣುತ್ತಿದ್ದ.

ಅವನ ಅಣ್ಣ ಅಪ್ಪಯ್ಯಣ್ಣ ಎದ್ದು ಬಂದ. “ಕೆರೆ ಎಲ್ಲೈತೆ, ಹೊತ್ತು ಎಲ್ಲೈತೆ? ಹೆಣ ಬಿಟ್ಟು ಹೆಂಡ್ತಿ ಕೊಡ ಎತ್ಕೊಂಡು ಹೋದ್ಲು ಅಂತ ಜನ ಆಡ್ಕೊಳ್ಳೋಕಾ? ಬದುಕಿದ್ದಾಗ ನೀರು ನೀರು ಅಂತ ಮಾನ ಕಳ್ಕೊಂಡ. ಸತ್ತ ಮೇಲಾದ್ರೂ ಆ ನೀರಿನ ಸುದ್ದಿ ಬಿಡಮ್ಮ.”

“ಭಾವ, ಅದಕ್ಕೇ ಹೇಳ್ತಿರೋದು...”

“ಸುಮ್ಕಿರು.”

ಅಂಜಿನಮ್ಮನ ಕೈ ಸಡಿಲವಾಯಿತು. ದ್ಯಾವಮ್ಮ ಉಳಿದ ನೀರನ್ನು ಹಂಡೆಗೆ ಸುರಿದು, ಇನ್ನೊಂದು ಕೊಡಕ್ಕೆ ಹೊರಟಳು. ನೀರು ಹೋದರೆ ಹೋಗಲಿ. ಆದರೆ ಮಾತು ಹೋಗಬಾರದು. ಆರು ವರ್ಷದಿಂದ ಅವಳ ಗಂಡನನ್ನು ಊರೆಲ್ಲ ಸುಳ್ಳಾಣೆ ಪಿಳ್ಳಪ್ಪ ಎನ್ನುತ್ತಿತ್ತು. ಆ ಹೆಸರು ಹೊತ್ತು ಅವನು ಗುಂಡಿಗೆ ಇಳಿಯಬಾರದು. ಚಟ್ಟ ಎತ್ತುವುದರೊಳಗೆ ನಾಲ್ಕು ಜನರ ಎದುರು ಹೇಳಿಬಿಡಬೇಕು, ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ರಾತ್ರಿಯೇ ನಿಶ್ಚಯ ಮಾಡಿಕೊಂಡಿದ್ದಳು.

*

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಮುನಿವೆಂಕಟಪ್ಪಗೌಡರು ಬೆಂಗಳೂರಿನಿಂದ ಒಂದು ಹಳೇ ಮೋಟಾರು ತಂದರು. ದೊಡ್ಡಬೆಳವಂಗಲದ ಸುತ್ತ ಹತ್ತು ಹಳ್ಳಿಗೆ ಅದೇ ಮೊದಲ ಮೋಟಾರು. ಅಯ್ಯಯ್ಯೋ, ಎಂಥ ಮೋಟಾರು! ಆಗಲೇ ಮೂರು ಜನರ ಕೈ ದಾಟಿ ಹನ್ನೆರಡು ವರ್ಷ ಓಡಿತ್ತು. ಬಾಗಿಲು ಹಗ್ಗದಲ್ಲಿ ಕಟ್ಟಿದ್ದು, ಹಾರನ್ ಒತ್ತಿದರೆ ಎಮ್ಮೆ ಕೆಮ್ಮಿದ ಸದ್ದು. ಆದರೂ ಗೌಡರು ಅದರಲ್ಲಿ ಕೂತು ದೊಡ್ಡಬಳ್ಳಾಪುರದ ಸಂತೆಗೆ ಹೊರಟರೆ ಜನ ಬೇಲಿಯ ಪಕ್ಕ ನಿಂತು ಕೈಮುಗಿಯುತ್ತಿದ್ದರು.

ಬೆಂಗಳೂರು ದಂಡಿನಲ್ಲಿ ಯಾರೋ ಬಿಳಿ ದೊರೆಯ ಬಳಿ ನಾಲ್ಕು ವರ್ಷ ಇದ್ದು ಮೋಟಾರು ಕಲಿತು ಬಂದಿದ್ದವನು ಪಿಳ್ಳಪ್ಪ ಒಬ್ಬನೇ. ಅವನೇ ಡ್ರೈವರಾದ. ವಾರದೊಳಗೆ ಅದರ ರೋಗವೂ ಗೊತ್ತಾಯಿತು. ಮುಂದಿನ ರೇಡಿಯೇಟರ್ ಬೆಸುಗೆ ಬಿಟ್ಟು ಸಣ್ಣಗೆ ಸೋರುತ್ತಿತ್ತು. ಸ್ವಲ್ಪ ಏರು ಸಿಕ್ಕಿದರೂ ಸಾಕು, ನೀರು ಕುದಿದು ಹಬೆ ಏಳುತ್ತಿತ್ತು. ದಿನಾ ಎರಡು ಕೊಡ ನೀರು ಕುಡಿಸಲೇಬೇಕು.

ಯಾವ ನೀರು? ಊರಿನವರು ಬುದ್ಧಿ ಹೇಳಲು ಸಾಲುಗಟ್ಟಿದರು. ಒಬ್ಬ ಎಳನೀರು ಹಾಕು ಅಂದ. ನರಸಿಂಹಯ್ಯ ಅಂತ ಇನ್ನೊಬ್ಬನಂತೂ, “ಉಷ್ಣದ ಮೈ ಕಣೋ ಅದರದ್ದು, ಎರಡು ಚೊಂಬು ಮಜ್ಜಿಗೆ ಹುಯ್ಯಿ, ತಣ್ಣಗೆ ಮಲಗ್ತದೆ” ಅಂದ. ಗೌಡರು ಎಲ್ಲರನ್ನೂ ಗದರಿಸಿ, “ನಮ್ಮಪ್ಪ ತೋಡಿಸಿದ ಬಾವಿ ಇರೋವಾಗ ಬೇರೆ ನೀರು ಯಾಕ್ಲಾ? ಅಂಥ ಸಿಹಿನೀರು ತಾಲ್ಲೂಕಿನಲ್ಲೇ ಇಲ್ಲ” ಎಂದರು.

ಪಿಳ್ಳಪ್ಪ ಗೌಡರ ಅಂಗಳದಲ್ಲೇ ಎರಡು ಒಲೆ ಹೂಡಿ, ಎರಡು ತಟ್ಟೆಯಲ್ಲಿ ಒಂದೊಂದು ಚೊಂಬು ನೀರಿಟ್ಟ. ಒಂದು ಬಾವಿಯದು, ಇನ್ನೊಂದು ಕೆರೆಯದು. ಎರಡನ್ನೂ ಹಿಂಗುವ ತನಕ ಕುದಿಸಿದ. ಕೆರೆಯ ತಟ್ಟೆಯಲ್ಲಿ ಚೂರು ಕೆಮ್ಮಣ್ಣು ಉಳಿಯಿತು. ಪಂಚೆಯ ತುದಿಯಲ್ಲಿ ಒರೆಸಿದ, ಹೋಯಿತು. ಬಾವಿಯ ತಟ್ಟೆಯಲ್ಲಿ ಬೆಳ್ಳಗೆ ಸುಣ್ಣದ ಪೊರೆ ಕೂತಿತ್ತು. ಒರೆಸಿದ, ಹೋಗಲಿಲ್ಲ. ಉಗುರಲ್ಲಿ ಕೆರೆದ, ಆಗಲೂ ಹೋಗಲಿಲ್ಲ.

“ನಾಲಿಗೆಗೆ ಸಿಹಿ ಅಂತ ಮೋಟಾರಿಗೆ ಸಿಹಿ ಆಗಲ್ಲ ಗೌಡ್ರೇ” ಅಂದ. “ನಿಮ್ಮ ಬಾವಿ ನೀರಲ್ಲಿ ತೊಗರಿಬೇಳೆ ಎಷ್ಟೊತ್ತಾದ್ರೂ ಬೇಯಲ್ಲ, ಮನೇಲಿ ಅಮ್ಮಾವ್ರನ್ನ ಕೇಳಿ. ಬೇಳೆ ಬೇಯದ ನೀರು ಇಂಜಿನ್ನಿಗೂ ಆಗಲ್ಲ. ದಿನಾ ಹಿಂಗೇ ಒಳಗೆ ಪೊರೆ ಕಟ್ಕೊಂಡು, ನರ ಎಲ್ಲಾ ಕಟ್ಟಿಹೋಗಿ ಒಂದಿನ ಸತ್ತೋಗ್ತದೆ. ಇದಕ್ಕೆ ಮಳೆ ನೀರು, ಇಲ್ದಿದ್ರೆ ಕೆರೆ ನೀರು. ಬೇರೆ ಏನೂ ಬ್ಯಾಡ.”

ಊರ ಮುಂದೆ ತಮ್ಮ ತಂದೆಯ ಬಾವಿಗೆ ಹೀಗೆಂದದ್ದು ಗೌಡರಿಗೆ ಚುರುಕ್ಕೆಂದಿತು. ಆದರೂ ನಕ್ಕು ಒಪ್ಪಿದರು. ಪಿಳ್ಳಪ್ಪನ ಮೇಲೆ ಅಷ್ಟು ಭರವಸೆ.

ಕೆರೆಯಿಂದ ಆ ಎರಡು ಕೊಡ ಹೊರುವ ಕೆಲಸ ಅಂಜಿನಮ್ಮನ ತಲೆಗೆ ಬಂತು.

*

ಹೆಣಕ್ಕೆ ನೀರು ಹುಯ್ದಾಯಿತು. ಹಣೆಗೆ ವಿಭೂತಿ ಬಳಿಯುತ್ತಿರುವಾಗ ಅಪ್ಪಯ್ಯಣ್ಣ ಥಟ್ಟನೆ ಎದ್ದು ನಿಂತ. ಬೇಲಿಯಾಚೆ, ಕೈಯಲ್ಲಿ ಕೊಡೆ ಹಿಡಿದು ಮುನಿವೆಂಕಟಪ್ಪಗೌಡರು ಬರುತ್ತಿದ್ದರು. ಆರು ವರ್ಷದಿಂದ ಈ ಓಣಿಗೆ ಕಾಲಿಡದವರು.

“ಗೌಡ್ರು ಬಂದ್ರು, ದೊಡ್ಡ ಮನಸ್ಸು” ಎಂದು ಯಾರೋ ಪಿಸುಗುಟ್ಟಿದರು. ಗೌಡರು ಬಂದದ್ದು ಕಂಡು ಅಕ್ಕಪಕ್ಕದ ಮನೆಯವರೂ ಒಬ್ಬೊಬ್ಬರಾಗಿ ಬಂದು ಸೇರಿದರು. ಅಷ್ಟು ಹೊತ್ತು ಎಲ್ಲಿದ್ದರೋ! ಗೌಡರು ಹೊಂಗೆ ಮರದ ಕೆಳಗೆ ನಿಂತರೇ ಹೊರತು ಹತ್ತಿರ ಬರಲಿಲ್ಲ. ಪಿಳ್ಳಪ್ಪನ ಮುಖವನ್ನೇ ನೋಡುತ್ತಿದ್ದರು.

ಅಂಜಿನಮ್ಮ ತಲೆಯೆತ್ತಿ ಗೌಡರನ್ನು ನೋಡಿದಳು. ಯಾರಿಗೆ ಹೇಳಬೇಕಾಗಿತ್ತೋ ಅವರೇ ಬಂದು ನಿಂತಿದ್ದರು.

*

ಮೊದಲ ಮೂರು ವರ್ಷ ಅವಳು ಮೋಸ ಮಾಡಲಿಲ್ಲ. ಅದಂತೂ ದೇವರಿಗೂ ಗೊತ್ತು. ಬೆಳಗಿನ ಜಾವ ಎದ್ದು ಒಂದೂವರೆ ಮೈಲಿ ನಡೆದು, ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ತರುತ್ತಿದ್ದಳು. ಬೇಸಗೆಯಲ್ಲಿ ಕೆರೆ ಒಳಗೊಳಗೆ ಸರಿದು, ಮಂಡಿಯುದ್ದ ಕೆಸರು ದಾಟಬೇಕಾಗುತ್ತಿತ್ತು. ಮನೆಗೆ ಕುಡಿಯುವುದಕ್ಕೆ ಬಾವಿಯ ನೀರು, ಮೋಟಾರಿಗೆ ಕೆರೆಯ ನೀರು. “ಮನುಷ್ಯರು ಕುಡಿಯೋ ನೀರು ಆ ಕಬ್ಬಿಣಕ್ಕೆ ಆಗಲ್ವಾ? ನನಗಿಂತ ಆ ಮುದಿ ಮೋಟಾರೇ ನಿನಗೆ ಹೆಚ್ಚಾಯ್ತಾ?” ಎಂದು ಅವಳು ರೇಗಿದರೆ ಪಿಳ್ಳಪ್ಪ ನಗುತ್ತಿದ್ದ.

ನಾಲ್ಕನೆಯ ವರ್ಷ ಒಂದು ದಿನ ಅವಳ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಅಂದು ಬಾವಿಯಿಂದಲೇ ಸೇದಿದಳು. ಆದರೆ ಬಾವಿಯ ನೀರು ಗಾಜಿನಷ್ಟು ತಿಳಿ, ಕೆರೆಯದು ಕೆಂಪು. ಕಂಡರೆ ಗೊತ್ತಾಗಿಬಿಡುತ್ತದೆ. ಹಿತ್ತಲಲ್ಲಿ ಗೋಡೆ ಮೆತ್ತಲು ತಂದಿಟ್ಟ ಕೆರೆಮಣ್ಣಿನ ಹೆಂಟೆಯಿತ್ತು. ಒಂದು ಚಿಟಿಕೆ ಕಲಸಿದಳು. ಪಿಳ್ಳಪ್ಪ ಎಂದಿನಂತೆ ಬಿಳಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದ. ಬಟ್ಟೆಯ ಮೇಲೆ ಕೆಮ್ಮಣ್ಣು ನಿಂತಿತು. “ನೋಡಿದ್ಯಾ ಅಂಜಿನೀ, ಕೆರೆ ನೀರು ಅಂತ ಬಟ್ಟೇನೇ ಹೇಳ್ತದೆ” ಅಂದ.

ಎರಡನೆಯ ದಿನವೂ ಕಾಲು ನೋಯುತ್ತಿತ್ತು. ಮೂರನೆಯ ದಿನ ನೋವಿರಲಿಲ್ಲ, ಆದರೂ ಬಾವಿಗೇ ಹೋದಳು. ಹಾಗೆ ಒಂದು ವರ್ಷ. ದಿನಾ ಎರಡು ಕೊಡ, ದಿನಾ ಒಂದು ಚಿಟಿಕೆ ಮಣ್ಣು. ಪಾಪ ಅನ್ನಿಸಲೇ ಇಲ್ಲ ಅವಳಿಗೆ. ಉಳಿದ ಹೊತ್ತಿನಲ್ಲಿ ನಾಲ್ಕು ವರ್ಷದ ಮಗಳು ಗಂಗೆಯ ತಲೆ ಬಾಚಿ ಜಡೆ ಹಾಕುತ್ತಿದ್ದಳು.

ಯುಗಾದಿ ಮುಗಿದ ಮರುವಾರ, ದೊಡ್ಡಬಳ್ಳಾಪುರದಿಂದ ವಾಪಸು ಬರುವಾಗ ಏರಿನಲ್ಲಿ ಇಂಜಿನ್ನು ಕೆಂಡವಾಗಿ, ಢಬ್ಬೆಂದು ಸೀಳಿತು. ಎತ್ತು ಕಟ್ಟಿ ಎಳೆದು ತಂದರು. ಗೌಡರು ಬೆಂಗಳೂರಿನಿಂದ ಮೇಸ್ತ್ರಿಯನ್ನು ಕರೆಸಿದರು. ಅವನು ಬಿಚ್ಚಿ, ರೇಡಿಯೇಟರಿನ ಕೊಳವೆಯೊಳಗೆ ತಂತಿ ಆಡಿಸಿ ಹೊರಗೆಳೆದರೆ ಬರಿಯ ಸುಣ್ಣ. ಅಂಗೈ ತುಂಬ ಹಿಡಿದು ತೋರಿಸಿದ. “ಕೆರೆ ನೀರಲ್ಲ ಯಜಮಾನ್ರೇ, ಗಡಸು ಬಾವಿ ನೀರು. ಒಂದು ದಿನದ್ದಲ್ಲ, ಬಹಳ ದಿನದ್ದು.”

ಗೌಡರು ಪಿಳ್ಳಪ್ಪನ ಕಡೆ ತಿರುಗಿದರು. “ನಮ್ಮಪ್ಪನ ಬಾವಿ ಆಗಲ್ಲ ಅಂತ ಊರ ಮುಂದೆ ಹೇಳಿ, ಕದ್ದು ಅದನ್ನೇ ಹುಯ್ದಾ? ಮೋಟಾರು ಹೋದ್ರೆ ಹೋಗ್ಲಿ ಕಣೋ, ಸುಳ್ಳು ಹೇಳಿದ್ಯಲ್ಲ ನನಗೆ.”

“ಇಲ್ಲ ಗೌಡ್ರೇ, ಒಂದು ತೊಟ್ಟೂ ಹುಯ್ದಿಲ್ಲ. ದಿನಾ ಸೋಸೋ ಬಟ್ಟೇಲಿ ಕೆರೆಮಣ್ಣು ನಾನೇ ಕಂಡಿದ್ದೀನಿ. ಬೇಕಾದ್ರೆ ಮುನೇಶ್ವರನ ಮುಂದೆ ಆಣೆ ಮಾಡ್ತೀನಿ.”

ಮುಂದಿನ ಸೋಮವಾರ ಗುಡಿಯ ಮುಂದೆ ಊರು ನೆರೆಯಿತು. ಪಿಳ್ಳಪ್ಪ ತಲೆಗೆ ನೀರು ಹುಯ್ದುಕೊಂಡು ಒದ್ದೆ ಪಂಚೆಯಲ್ಲಿ ಬಂದ. ಗಂಗೆ ಅಂಜಿನಮ್ಮನ ಸೊಂಟದ ಮೇಲಿದ್ದಳು. ಈಗ ಹೇಳಬೇಕು, ಈಗ ಹೇಳಬೇಕು ಎಂದು ಅಂಜಿನಮ್ಮನ ಮನಸ್ಸು ಹೊಡೆದುಕೊಳ್ಳುತ್ತಿತ್ತು. ಹೇಳಿದರೆ ಊರ ಮುಂದೆ ಚಪ್ಪಲಿ ಏಟು ಎಂಬ ಹೆದರಿಕೆ. ಪಿಳ್ಳಪ್ಪ ಅಂಗೈ ಮೇಲೆ ಕರ್ಪೂರ ಹಚ್ಚಿಕೊಂಡು, “ನಾನು ಕೆರೆ ನೀರು ಬಿಟ್ಟು ಬೇರೆ ನೀರು ಹುಯ್ದಿದ್ರೆ ನನ್ನ ಮನೆ ದೀಪ ಹಿಂಗೇ ಆರಿಹೋಗ್ಲಿ” ಎಂದು ಇನ್ನೊಂದು ಕೈಯಲ್ಲಿ ಬಡಿದು ಆರಿಸಿದ. ಎಷ್ಟು ಧೈರ್ಯವಾಗಿ ಬಡಿದನೆಂದರೆ ಸದ್ದು ಗುಡಿಯ ಹಿಂದಿನವರೆಗೂ ಕೇಳಿತು.

ಶ್ರಾವಣದಲ್ಲಿ ಮೂರೇ ದಿನದ ಜ್ವರಕ್ಕೆ ಗಂಗೆ ಹೋದಳು.

ಆಮೇಲೆ ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅಂಜಿನಮ್ಮನಿಗೂ ಬೇಕಾಗಲಿಲ್ಲ. ಚಪ್ಪಲಿಯ ಹೆದರಿಕೆ ಅವತ್ತೇ ಸತ್ತಿತು, ಅದಕ್ಕಿಂತ ದೊಡ್ಡದು ಬಂದು ಕೂತಿತು. ಈಗ ಹೇಳಿದರೆ ಗಂಡನಿಗೆ ಏನೆಂದು ಹೇಳಬೇಕು? ನಿನ್ನ ಮಗಳನ್ನು ತಿಂದವಳು ನಾನೇ ಎಂದೇ? ಸತ್ತ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು?

*

ಚಟ್ಟ ಸಿದ್ಧವಾಯಿತು. “ಬಾಯಿಗೆ ನೀರು ಬಿಡೋರು ಬನ್ನಿ” ಎಂದು ಅಪ್ಪಯ್ಯಣ್ಣ ಕರೆದ. ಒಬ್ಬೊಬ್ಬರೇ ಬಂದು ತುಳಸಿಯಲ್ಲಿ ಒಂದು ತೊಟ್ಟು ಬಿಟ್ಟು ಸರಿದರು. ಗೌಡರು ಮರದ ಕೆಳಗಿನಿಂದ ಕದಲಲಿಲ್ಲ.

ಅಂಜಿನಮ್ಮ ಎದ್ದಳು. ಅಳುತ್ತಿದ್ದ ಹೆಂಗಸರ ನಡುವಿನಿಂದ ನೆಟ್ಟಗೆ ಹೋಗಿ ಗೌಡರ ಎದುರು ನಿಂತಳು.

“ಗೌಡ್ರೇ, ನಮ್ಮನೆಯೋರು ಸುಳ್ಳಾಣೆ ಮಾಡಿಲ್ಲ. ಬಾವಿ ನೀರು ತಂದೋಳು ನಾನು.”

ಅಂಗಳದವರೆಲ್ಲ ಅವಳ ಕಡೆ ತಿರುಗಿದರು.

“ಕೆರೆಗೆ ಹೋಗಲಾರದೆ ಒಂದು ವರ್ಷ ನಿಮ್ಮ ಬಾವಿಯಿಂದಲೇ ಸೇದಿದೆ. ಅವ್ರಿಗೆ ಗೊತ್ತಾಗಬಾರದು ಅಂತ ಕೆರೆಮಣ್ಣು ಕಲಸ್ತಿದ್ದೆ. ಅವ್ರು ನಂಬಿ ಹುಯ್ದರು. ನಂಬಿಯೇ ಕರ್ಪೂರ ಆರಿಸಿದ್ರು. ಪಾಪ ನನ್ನದು. ಅವ್ರ ಹೆಸರಿನ ಮೇಲೆ ಬ್ಯಾಡ, ನಿಮ್ಮ ಕಾಲಿಗೆ ಬೀಳ್ತೀನಿ.”

ಬಿದ್ದೇಬಿಟ್ಟಳು. ಗೌಡರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ಹಿಂದೆ ಯಾರೋ ಹೆಂಗಸು ಗೊಳೋ ಎಂದಳು. “ಅಯ್ಯೋ ನನ್ನ ತಾಯೇ! ಗಂಡನ ಹೆಸರು ಉಳಿಸೋಕೆ ತನ್ನ ಮೇಲೆ ಹಾಕ್ಕೊಳ್ತಾವ್ಳಲ್ಲ!”

“ಇಲ್ಲ, ನಿಜ!” ಅಂಜಿನಮ್ಮ ತಲೆಯೆತ್ತಿ ಕೂಗಿದಳು. “ದ್ಯಾವಕ್ಕ, ನೀನು ನೋಡಿದ್ಯಲ್ಲ! ದಿನಾ ನಿನ್ನ ಜೊತೇನೇ ಸೇದ್ತಿದ್ದೆನಲ್ಲ, ಹೇಳು!”

ದ್ಯಾವಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಅವಳು ಸುಳ್ಳು ಹೇಳುವ ಹೆಂಗಸಲ್ಲ. “ನೀನು ಸೇದ್ತಿದ್ದೆ ಕಣೇ, ಮನೆಗೆ. ನಾವೆಲ್ಲಾ ಸೇದ್ತಿದ್ವಿ. ಯಾವ ಕೊಡ ಎಲ್ಲಿಗೆ ಹೋಯ್ತು ಅಂತ ಯಾರು ಕಂಡವ್ರೆ? ಸುಮ್ನೆ ಯಾಕೆ ಪಾಪ ಹೊತ್ಕೊಳ್ತೀಯ?”

“ಆರು ವರ್ಷ ಇಲ್ದಿದ್ದು ಇವತ್ತು ಬಾಯಿಗೆ ಬಂತಾ?” ಅಪ್ಪಯ್ಯಣ್ಣ ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದ. ಅವನ ದನಿ ಗದರಿಕೆಯದಲ್ಲ, ಅಳುವಿನದು. “ಸಾಕಮ್ಮ. ನೀನು ಅವನಿಗೋಸ್ಕರ ಪಟ್ಟಿದ್ದು ಸಾಕು.”

ಗೌಡರ ಕಣ್ಣು ತುಂಬಿತ್ತು. ಕೊಡೆಯನ್ನು ಮರಕ್ಕೆ ಒರಗಿಸಿ, ಪಿಳ್ಳಪ್ಪನ ಹತ್ತಿರ ನಡೆದು, ತುಳಸಿ ಎತ್ತಿಕೊಂಡರು. “ಪಿಳ್ಳ, ನೀನು ಮಾಡಿದ್ದನ್ನ ನಾನು ಮನಸ್ಸಿನಿಂದ ತೆಗೆದುಹಾಕಿದ್ದೀನಿ. ಕ್ಷಮಿಸಿದ್ದೀನಿ ಹೋಗು” ಎಂದು ಬಾಯಿಗೆ ನೀರು ಬಿಟ್ಟರು. ಆಮೇಲೆ ಅಂಜಿನಮ್ಮನ ಕಡೆ ತಿರುಗಿ ಕೈಮುಗಿದರು. “ಸುಳ್ಳುಗಾರನಿಗೆ ಇಂಥ ಹೆಂಡ್ತಿ ಕೊಟ್ಟನಲ್ಲ ದೇವರು! ಪುಣ್ಯ ಮಾಡಿದ್ದ.”

ಅದೇ ನೆರೆದವರ ಬಾಯಲ್ಲಿ ಹೊರಳಿತು. ಪುಣ್ಯವಂತೆ, ಪುಣ್ಯವಂತೆ. ಆರು ವರ್ಷ ಈ ಮನೆಯ ಮುಂದೆ ಮುಖ ತಿರುಗಿಸಿ ಹೋಗುತ್ತಿದ್ದ ಹೆಂಗಸರು ಬಂದು ಅವಳ ಕೈ ಹಿಡಿದುಕೊಂಡರು. ಅಂಜಿನಮ್ಮ ಅವರ ಕೈ ಕೊಡವಿ, “ನನ್ನ ಮಾತು ಕೇಳ್ರೋ, ಯಾರಾದ್ರೂ ಕೇಳ್ರೋ” ಎಂದು ಚೀರಿದಳು. ದುಃಖ ತಲೆಗೇರಿದೆ ಎಂದು ಇಬ್ಬರು ಅವಳನ್ನು ಬಿಗಿಯಾಗಿ ಹಿಡಿದು ಕೂರಿಸಿದರು. ಚಟ್ಟ ಎದ್ದಿತು. ಅವರ ಮನೆತನದಲ್ಲಿ ಹೆಂಗಸರು ಗುಂಡಿಯವರೆಗೆ ಹೋಗುವ ವಾಡಿಕೆಯಿರಲಿಲ್ಲ. ಮುಂದಿನ ಹೆಗಲು ಗೌಡರೇ ಕೊಟ್ಟರು.

*

ಕಡೆಗಾಲದಲ್ಲಿ ಪಿಳ್ಳಪ್ಪ ರಸ್ತೆಯ ಆಲದ ಕೆಳಗೆ ಒಂದು ಕೊಡ ನೀರಿಟ್ಟುಕೊಂಡು ಕೂತಿರುತ್ತಿದ್ದ. ಪೆಟ್ರೋಲಿಗೆ ಬರವಾಗಿ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಅಲ್ಲಿ ಬಿಸಿಯಾಗಿ ನಿಲ್ಲುತ್ತಿತ್ತು. ಅವನೇ ಕೆರೆಗೆ ಹೋಗಿ, ಅವನೇ ತುಂಬಿ, ಅವನೇ ಹೊತ್ತು ತಂದ ನೀರು. ಆ ಬಸ್ಸಿನ ಡ್ರೈವರ್ ಗಂಗಣ್ಣ ಹೊಸಕೋಟೆ ಕಡೆಯವನು, ಹಳೆಯ ಕತೆ ಗೊತ್ತಿಲ್ಲದವನು. ಒಂದು ದಿನ ಕೊಡ ಎತ್ತಿಕೊಳ್ಳುತ್ತ, “ಕೆರೆ ನೀರು ತಾನೇ ಅಣ್ಣ?” ಎಂದು ಕೇಳಿದ.

ಬುತ್ತಿ ತಂದಿದ್ದ ಅಂಜಿನಮ್ಮ ಪಕ್ಕದಲ್ಲೇ ನಿಂತಿದ್ದಳು.

“ಗೊತ್ತಿಲ್ಲಪ್ಪ” ಅಂದ ಪಿಳ್ಳಪ್ಪ.

ಅಲ್ಲಿಂದ ಮುಂದೆ ಅವನು ರಸ್ತೆಗೆ ಹೋಗಲಿಲ್ಲ. ಮೊನ್ನೆ, ಉಸಿರು ಮೇಲಕ್ಕೆ ಎಳೆಯುತ್ತಿದ್ದಾಗ, ಅವಳ ಕೈ ಹಿಡಿದು ಕೇಳಿದ್ದ. “ಅಂಜಿನೀ, ನಿಜ ಹೇಳು. ನಾನೇ ಯಾವತ್ತಾದ್ರೂ ಬಾವಿ ನೀರು ಹುಯ್ದು ಮರ್ತೋಗಿದ್ದೀನಾ? ಎಷ್ಟು ಯೋಚಿಸಿದ್ರೂ ತಿಳೀತಿಲ್ಲ. ಮುನೇಶ್ವರ ಸುಳ್ಳಾಡ್ತಾನಾ? ಹುಯ್ದಿರ್ಲೇಬೇಕು ನಾನು. ಮಗೂನ ನಾನೇ ಕಳ್ಕೊಂಡೆ ಕಣೇ.”

ಅವಳು ಅವನ ಹಣೆ ಸವರಿ, “ಮಲಕ್ಕೋ” ಎಂದಿದ್ದಳು.

*

ಅವಳನ್ನು ಹಿಡಿದು ಕೂರಿಸಿದ್ದ ಹೆಂಗಸರು ಮನೆ ಸಾರಿಸಲು ಒಳಗೆ ಹೋದ ಮೇಲೆ ಅಂಗಳದಲ್ಲಿ ಅಂಜಿನಮ್ಮ ಒಬ್ಬಳೇ ಉಳಿದಳು. ಮೂರು ಕಲ್ಲಿನ ಒಲೆಯಲ್ಲಿ ಇನ್ನೂ ಕೆಂಡವಿತ್ತು. ಹೆಣಕ್ಕೆ ಹುಯ್ದು ಮಿಕ್ಕಿದ ನೀರು ಹಂಡೆಯಲ್ಲಿ ಯಾರೂ ನೋಡದೆ ಹಿಂಗಿಹೋಗಿತ್ತು.

ಹಂಡೆ ಮಗುಚಲು ಬಂದ ದ್ಯಾವಮ್ಮನ ಕೈಯನ್ನು ಅಂಜಿನಮ್ಮ ತಡೆದಳು. ಬಗ್ಗಿ ಒಳಗೆ ತೋರಿಸಿದಳು. ತಳದಲ್ಲಿ ಬೆಳ್ಳಗೆ ಪೊರೆ ಕಟ್ಟಿತ್ತು.

“ನೋಡು ದ್ಯಾವಕ್ಕ. ಮೋಟಾರಿನ ಒಳಗಿದ್ದುದು ಇದೇ.”

“ಎಲ್ಲಾರ ಮನೆ ಹಂಡೇಲೂ ಇರೋದೇ ಅಲ್ವೇನೇ” ಎಂದಳು ದ್ಯಾವಮ್ಮ ಮರುಕದಿಂದ. “ನಾಳೆ ಹುಣಿಸೆಹಣ್ಣು ಹಾಕಿ ತಿಕ್ಕಿದ್ರೆ ಬಿಡ್ತದೆ. ಏಳು.”

ಓಣಿಯ ತುದಿಯಲ್ಲಿ ಗಂಡಸರ ಮಾತು ಕೇಳಿಸಿತು. ಮಣ್ಣು ಮಾಡಿ ಬರುತ್ತಿದ್ದರು. “ಕಾಲಿಗೆ ನೀರು ತನ್ರವ್ವಾ” ಎಂದು ಅಪ್ಪಯ್ಯಣ್ಣ ದೂರದಿಂದಲೇ ಕೂಗಿದ. ದ್ಯಾವಮ್ಮ ಬಾವಿಯ ಕೊಡವನ್ನು ಕಂಕುಳಿಗೇರಿಸಿಕೊಂಡು ಬಾಗಿಲಿಗೆ ಹೋದಳು. ಗೌಡರ ಕಾಲಿಗೆ ಮೊದಲು ಹುಯ್ದಳು.

ಅಂಜಿನಮ್ಮ ತಿರುಗಿ ನೋಡಲಿಲ್ಲ. ಸುಡುವ ಹಂಡೆಯೊಳಗೆ ಕೈಯಿಟ್ಟು, ತೋರುಬೆರಳಿನ ಉಗುರಿನಿಂದ ತಳವನ್ನು ಕೆರೆಯುತ್ತಿದ್ದಳು. ಉಗುರು ಮುರಿದು ರಕ್ತ ಬಂತು. ಪೊರೆ ಹಾಗೇ ಇತ್ತು. ಅವಳು ಪಕ್ಕದ ಬೆರಳಿನಿಂದ ಕೆರೆಯತೊಡಗಿದಳು.